ಬಾಯಿ ಬಿಡದವರ ಪಕ್ಕ ಒಬ್ಬರು ಕೂರಬೇಕು

"ಅವರೇ ಬಾಯಿ ಬಿಡಲ್ಲ, ನಾವೇನ್ ಮಾಡೋಕಾಗುತ್ತೆ?" ನಮ್ಮ ದಾವಣಗೆರೆಯಲ್ಲಿ ಬಡವರಿಗೆ ಅನ್ಯಾಯವಾದ ಸುದ್ದಿ ಬಂದಾಗಲೆಲ್ಲ ಈ ಮಾತು ಕೇಳುತ್ತೇನೆ. ಕೇಳಿದಾಗಲೆಲ್ಲ ಸಿಟ್ಟು ಬರುತ್ತದೆ. ಅವರು ಬಾಯಿ ಬಿಟ್ಟಾಗ ಕೇಳಿದವರು ಯಾರು?

ನಮ್ಮ ಓಣಿಯಲ್ಲಿ ಒಬ್ಬ ಅಜ್ಜಿ ಇದ್ದಾರೆ. ವಯಸ್ಸೆಲ್ಲ ಮಂಡಕ್ಕಿ ಭಟ್ಟಿಯಲ್ಲಿ ಕಳೆದವರು. ಕಾದ ಮರಳಿನ ಮುಂದೆ ನಿಂತು, ಹೊಗೆ ಕುಡಿದು, ಕೆಮ್ಮು ಅಂಟಿಸಿಕೊಂಡವರು. ಇದ್ದೊಂದು ಮನೆಯನ್ನು ಮಗನ ಹೆಸರಿಗೆ ದಾನಪತ್ರ ಮಾಡಿಕೊಟ್ಟರು. ಆಮೇಲೆ ಅವರ ಚಾಪೆ ಪಡಸಾಲೆಯಿಂದ ಹೊರಗಿನ ಕಟ್ಟೆಗೆ ಬಂತು. ದೂರು ಕೊಡೋಣ ಬನ್ನಿ ಅಂದರೆ, "ಬ್ಯಾಡ ಬಿಡಪ್ಪ, ನಮ್ಮಂಥೋರ ಮಾತು ಯಾರು ಕೇಳ್ತಾರೆ" ಅಂದರು. ಹಿಂದೆ ಪಿಂಚಣಿ ನಿಂತಾಗ ಒಂದು ಕಚೇರಿಗೆ ಅಲೆದಿದ್ದರಂತೆ. ಕೌಂಟರ್ ಆಚೆಯವರು ತಲೆ ಎತ್ತದೆ "ನಾಳೆ ಬಾ" ಅಂದದ್ದು ಇನ್ನೂ ನೆನಪಿದೆ. ಅಷ್ಟು ವಯಸ್ಸಾದವರಿಗೆ "ಬಾ" ಅಂದದ್ದೇ ಜಾಸ್ತಿ ನೆನಪಿದೆ.

ಅಜ್ಜಿ ಹೀಗೆ ಕೈಚೆಲ್ಲಿದ್ದು ಯಾಕೆ ಅಂತ ಯೋಚಿಸುವಾಗ ಒಂದು ಪ್ರಯೋಗ ನೆನಪಾಗುತ್ತದೆ. 1967ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಮಾರ್ಟಿನ್ ಸೆಲಿಗ್‌ಮನ್, ಸ್ಟೀವನ್ ಮೇಯರ್ ಅದನ್ನು ನಾಯಿಗಳ ಮೇಲೆ ಮಾಡಿದರು. ಕ್ರೂರವಾದದ್ದೇ, ಅನುಮಾನವಿಲ್ಲ. ತಪ್ಪಿಸಿಕೊಳ್ಳಲಾಗದಂತೆ ಕರೆಂಟ್ ಶಾಕ್ ತಿಂದ ನಾಯಿಗಳನ್ನು ಆಮೇಲೆ ಬೇರೆ ಪೆಟ್ಟಿಗೆಯಲ್ಲಿ ಬಿಟ್ಟರು. ಅಲ್ಲಿ ಸಣ್ಣ ಅಡ್ಡಗೋಡೆ ಹಾರಿದರೆ ಶಾಕ್ ಇಲ್ಲ. ಆದರೂ ಹೆಚ್ಚಿನವು ಹಾರಲಿಲ್ಲ, ಬಿದ್ದುಕೊಂಡೇ ಶಾಕ್ ತಿಂದವು. ಅವು ಸೋಲನ್ನು ಕಲಿತಿವೆ ಅಂತ ಆಗ ಅಂದುಕೊಂಡರು. 2016ರಲ್ಲಿ ಅವರಿಬ್ಬರೇ ತಮ್ಮ ಮಾತು ತಿದ್ದಿದರು. ಕಷ್ಟ ಬಿಡದೆ ಬಡಿದರೆ ಕೈಚೆಲ್ಲುವುದು ಮಿದುಳಿನ ಸಹಜ ಪ್ರತಿಕ್ರಿಯೆ, ಅದನ್ನು ಯಾರೂ ಕಲಿಸಬೇಕಿಲ್ಲ. ಕಲಿಯಬೇಕಾದದ್ದು "ನನ್ನ ಕೈಲಿ ಏನೋ ಆಗುತ್ತದೆ" ಅನ್ನುವುದನ್ನು. ಆ ನಾಯಿಗಳು ಮತ್ತೆ ಹಾರಿದ್ದು, ಹಿಡಿದು ಮತ್ತೆ ಮತ್ತೆ ಆಚೆ ಎಳೆದು ತೋರಿಸಿದ ಮೇಲೆ.

ಅದಕ್ಕೇ ದೂರ ನಿಂತು "ಧೈರ್ಯ ಮಾಡಜ್ಜಿ" ಅನ್ನುವುದರಿಂದ ಪ್ರಯೋಜನವಿಲ್ಲ. ಜೊತೆಗೆ ಹೋಗಬೇಕು. ಅರ್ಜಿ ಓದಿ ಹೇಳಬೇಕು, ಪಕ್ಕದಲ್ಲಿ ಕೂರಬೇಕು. ಮಾತು ಮಾತ್ರ ಅವರೇ ಆಡಲಿ. ನಾವೇ ಎಲ್ಲ ಮಾತಾಡಿ ಗೆದ್ದುಕೊಟ್ಟರೆ, ಅವರಿಗೆ ತಮ್ಮ ಮಾತು ನಡೆಯಿತು ಅನಿಸುವುದು ಯಾವಾಗ?

ಅಜ್ಜಿಯಂಥವರಿಗೆ 2007ರ ಹಿರಿಯ ನಾಗರಿಕರ ಕಾಯ್ದೆ ಇದೆ. ಉಪವಿಭಾಗಾಧಿಕಾರಿಯ ಮುಂದೆ ಅರ್ಜಿ ಹಾಕಬಹುದು, ವಕೀಲರು ಬೇಕೇ ಬೇಕು ಅಂತಿಲ್ಲ. ಜೀವನಾಂಶದ ಅರ್ಜಿ, ಎದುರಿನವರಿಗೆ ನೋಟಿಸ್ ತಲುಪಿದ 90 ದಿನದಲ್ಲಿ ಮುಗಿಯಬೇಕು, ತೀರಾ ಅಂದರೆ ಇನ್ನು 30 ದಿನ. ಬೇರೆ ಕೋರ್ಟ್ ಕೆಲಸಕ್ಕೆ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಕಾನೂನು ನೆರವು ಉಚಿತ. 15100ಕ್ಕೆ ಫೋನ್ ಮಾಡಿದರೆ ದಾರಿ ಹೇಳುತ್ತಾರೆ.

ಇನ್ನೊಂದು ಮಾತು. ನಿಮ್ಮ ಮನೆಯಲ್ಲಿ ಹಿರಿಯರು ದಾನಪತ್ರ ಬರೆಸುತ್ತಿದ್ದರೆ, "ಕೊನೆಯವರೆಗೂ ನೋಡಿಕೊಳ್ಳಬೇಕು" ಎಂಬ ಷರತ್ತನ್ನು ಪತ್ರದಲ್ಲೇ ಬರೆಸಿ. ಮಗ ನೋಡಿಕೊಳ್ಳದಿದ್ದರೆ ಅದೇ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ಪತ್ರ ರದ್ದು ಮಾಡಿಸಲು ಆ ಸಾಲೇ ಆಧಾರ. ಬರೆಸುವ ದಿನ ಅವರ ಜೊತೆ ನೀವೂ ಹೋಗಿ.