ಮದುವೆಯ ಆಲ್ಬಂನಲ್ಲಿ ನಮ್ಮ ಹುಡುಗಿಯ ಬಣ್ಣ ಎಲ್ಲಿ ಹೋಯಿತು?

ಕಳೆದ ತಿಂಗಳು ಚಿಕ್ಕಮ್ಮನ ಮನೆಗೆ ತಂಗಿಯ ಮದುವೆಯ ಆಲ್ಬಂ ಬಂದಿತು. ಧಾರೆಯ ಫೋಟೋ ಎರಡು ಪುಟಗಳಿಗೆ ಹರಡಿಕೊಂಡಿತ್ತು. ಚಿಕ್ಕಪ್ಪನ ಕೈ, ವರನ ಕೈ, ನಡುವೆ ತಂಗಿಯ ಕೈ, ತೆಂಗಿನಕಾಯಿಯ ಮೇಲಿಂದ ಇಳಿಯುತ್ತಿರುವ ಹಾಲು. ಆ ಕೈ ಅವಳದ್ದೇ, ನಮ್ಮ ಮನೆತನದ ಎಣ್ಣೆಗಪ್ಪು ಬಣ್ಣದ್ದು. ಮುಖ ಮಾತ್ರ ಬೇರೆ ಯಾರದೋ. ಸುಣ್ಣ ಬಳಿದಷ್ಟು ಬಿಳಿ. ಬೆಳಿಗ್ಗೆ ನಾನೇ ಅವಳ ಕೆನ್ನೆಗೆ ಹಚ್ಚಿದ್ದ ಅರಿಶಿನವೂ ಕಾಣಲಿಲ್ಲ, ಗಲ್ಲದ ಮಚ್ಚೆಯೂ ಇರಲಿಲ್ಲ. "ಎಷ್ಟು ಬೆಳ್ಳಗೆ ಬಂದಿದ್ದಾಳೆ ನೋಡು" ಎಂದು ಚಿಕ್ಕಮ್ಮ ಸಂತೋಷದಿಂದ ಪುಟ ತಿರುಗಿಸಿದರು. ತಂಗಿ ಏನೂ ಹೇಳಲಿಲ್ಲ.

ಹನ್ನೊಂದು ವರ್ಷಗಳಿಂದ ಮದುವೆ ಫೋಟೋಗಳ ಎಡಿಟಿಂಗ್ ಮಾಡುತ್ತಿದ್ದೇನೆ. ಆದ್ದರಿಂದ ಇದು ಹೇಗಾಯಿತು ಎಂದು ಪುಟ ನೋಡಿದ ಕೂಡಲೇ ತಿಳಿಯಿತು. ಮನುಷ್ಯರ ಚರ್ಮ ಯಾವ ಬಣ್ಣದ್ದಾದರೂ ಎಡಿಟಿಂಗ್ ತಂತ್ರಾಂಶ ಅದನ್ನು ಬಹುಪಾಲು ಕಿತ್ತಳೆ ಬಣ್ಣದ ಗುಂಪಿನಲ್ಲೇ ಎಣಿಸುತ್ತದೆ. ಕಿತ್ತಳೆಯ ಹೊಳಪನ್ನು ಏರಿಸಿ ಅದರ ಗಾಢತೆಯನ್ನು ಇಳಿಸಿದರೆ ಒಂದೇ ಕ್ಷಣದಲ್ಲಿ ಮುಖ ಬಿಳಿಯಾಗುತ್ತದೆ. ಜೊತೆಯಲ್ಲೇ ಅರಿಶಿನ ತೊಳೆದುಹೋಗುತ್ತದೆ, ಚಿನ್ನ ಹಿತ್ತಾಳೆಯಂತಾಗುತ್ತದೆ. ಮುಖಕ್ಕಷ್ಟೇ ಮಾಸ್ಕ್ ಹಾಕಿದರೆ, ಅಂದರೆ ತಿದ್ದುಪಡಿ ಆ ಭಾಗಕ್ಕೆ ಮಾತ್ರ ತಾಗುವಂತೆ ಗುರುತು ಹಾಕಿದರೆ, ಕೈ, ಕುತ್ತಿಗೆ ಹಾಗೇ ಉಳಿದು ಒಬ್ಬಳೇ ಹುಡುಗಿ ಎರಡು ಬಣ್ಣದವಳಾಗುತ್ತಾಳೆ.

ಗ್ರಾಹಕರು ಕೇಳುತ್ತಾರೆ, ಅದಕ್ಕೇ ಮಾಡುತ್ತೇವೆ ಎಂದು ಸ್ಟುಡಿಯೋದವರು ಹೇಳುತ್ತಾರೆ. ಕೇಳುವುದು ನಿಜ. ಮೊದಲ ಕೆಲವು ವರ್ಷ ನಾನೂ ಹೀಗೆಯೇ ಮಾಡಿಕೊಟ್ಟಿದ್ದೇನೆ, ಆ ಬಗ್ಗೆ ಇಂದಿಗೂ ನೋವಿದೆ. ಆದರೆ ಗ್ರಾಹಕರು "ಬೆಳ್ಳಗೆ ಮಾಡಿ" ಎಂದಾಗ ಎಷ್ಟೋ ಸಲ ಅವರಿಗೆ ಬೇಕಾಗಿರುವುದು ಮುಖದ ಮೇಲೆ ಬೆಳಕು. ಬೆಳಕು ಬೇರೆ, ಬಿಳುಪು ಬೇರೆ.

ಕಪ್ಪು ಮೈಬಣ್ಣದವರ ಫೋಟೋ ಕೆಡಲು ಶುರುವಾಗುವುದು ಕಂಪ್ಯೂಟರಿನ ಮುಂದೆ ಅಲ್ಲ, ಮಂಟಪದಲ್ಲೇ. ಎದುರಿನ ದೃಶ್ಯವೆಲ್ಲ ಸರಾಸರಿಯಲ್ಲಿ ನಡುಬೂದು ಬಣ್ಣದ್ದು ಎಂಬ ಲೆಕ್ಕದ ಮೇಲೆ ಕ್ಯಾಮೆರಾದ ಬೆಳಕಿನ ಅಳತೆ ನಿಂತಿದೆ. ಚೌಕಟ್ಟಿನ ತುಂಬ ಬಿಳಿ ಪಂಚೆ, ಬಿಳಿ ಶಲ್ಯ, ಹಿಂದೆ ಉರಿಯುವ ದೀಪಗಳು ಇದ್ದರೆ ಕ್ಯಾಮೆರಾ ಬೆಳಕನ್ನು ತಗ್ಗಿಸುತ್ತದೆ. ಆಗ ಪಂಚೆ ಚೆನ್ನಾಗಿ ಬರುತ್ತದೆ, ಹುಡುಗಿಯ ಮುಖ ಕತ್ತಲಲ್ಲಿ ಮುಳುಗುತ್ತದೆ. ನಾವು ಸಾಮಾನ್ಯವಾಗಿ ಹಂಚಿಕೊಳ್ಳುವ ಜೆಪೆಗ್ ಕಡತದಲ್ಲಿ ಪ್ರತಿ ಮೂಲವರ್ಣಕ್ಕೆ ಇರುವುದು ಹೊಳಪಿನ 256 ಮೆಟ್ಟಿಲುಗಳು. ಮುಳುಗಿದ ಮುಖವನ್ನು ಅದರಲ್ಲಿ ಎತ್ತಲು ಹೋದರೆ ಬೂದು ಕಲೆಗಳು ಏಳುತ್ತವೆ, ಅವನ್ನು ಮುಚ್ಚಲು ಚರ್ಮವನ್ನು ಮಸುಕುಗೊಳಿಸುತ್ತಾರೆ, ಕೊನೆಗೆ ಮೇಣದ ಗೊಂಬೆ ಸಿಗುತ್ತದೆ. ಕ್ಯಾಮೆರಾ ಹಿಡಿದದ್ದನ್ನು ಸಂಸ್ಕರಿಸದೆ ಹಾಗೇ ಉಳಿಸುವ 14 ಬಿಟ್‌ನ ರಾ ಕಡತದಲ್ಲಿ 16,384 ಮೆಟ್ಟಿಲುಗಳಿರುತ್ತವೆ, ಮುಳುಗಿದ ಮುಖವನ್ನು ಕಲೆಯಿಲ್ಲದೆ ಎತ್ತಲು ಜಾಗ ಇರುತ್ತದೆ. ಫೋಟೋಗ್ರಾಫರ್ ಗೊತ್ತುಮಾಡುವಾಗ ಡ್ರೋನ್ ಇದೆಯೇ ಎಂದು ಕೇಳುವವರು ರಾ ತೆಗೆಯುತ್ತೀರಾ ಎಂದೂ ಕೇಳಬೇಕು.

ಈ ರೋಗ ನಮ್ಮದು ಮಾತ್ರವಲ್ಲ. ಫಿಲ್ಮ್ ಕಾಲದಲ್ಲಿ ಕೊಡಾಕ್ ಕಂಪನಿ ಲ್ಯಾಬುಗಳಿಗೆ ಬಣ್ಣ ಸರಿಹೊಂದಿಸಲು ಕಳುಹಿಸುತ್ತಿದ್ದ 'ಶರ್ಲಿ ಕಾರ್ಡ್'ಗಳಲ್ಲಿ ದಶಕಗಳ ಕಾಲ ಇದ್ದದ್ದು ಬಿಳಿಯ ಹೆಣ್ಣಿನ ಮುಖ. ಕಂದು ಬಣ್ಣಗಳು ಸರಿಯಾಗಿ ಮೂಡುವುದಿಲ್ಲ ಎಂದು ದೂರಿದವರಲ್ಲಿ ಚಾಕೊಲೇಟ್ ಮತ್ತು ಮರದ ಪೀಠೋಪಕರಣ ತಯಾರಕರೂ ಇದ್ದರು. ಅವರ ದೂರು ಫಿಲ್ಮ್ ಸುಧಾರಿಸಲು ಒಂದು ಕಾರಣವಾಯಿತು ಎಂದು ಓದಿದಾಗ ನನಗೆ ಬಹಳ ಬೇಸರವಾಗಿತ್ತು. ಕಪ್ಪು ಚರ್ಮದ ಮನುಷ್ಯರು ಅಷ್ಟು ಕಾಲ ಎದುರಿಗೇ ನಿಂತಿದ್ದರಲ್ಲ!

ತಂಗಿಯ ಧಾರೆಯ ಫೋಟೋದ ರಾ ಕಡತವನ್ನು ಕೇಳಿ ತರಿಸಿಕೊಂಡೆ. ಮೊದಲು ವೈಟ್ ಬ್ಯಾಲೆನ್ಸ್, ಅಂದರೆ ದೀಪದ ಬಣ್ಣ ಚಿತ್ರಕ್ಕೆ ಅಂಟದಂತೆ ಸರಿಪಡಿಸುವುದು. ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಅಳೆಯುತ್ತಾರೆ, ಸಂಖ್ಯೆ ಕಡಿಮೆಯಾದಷ್ಟೂ ಹಳದಿ: ಛತ್ರದ ಹಳದಿ ದೀಪ ಸುಮಾರು 3,200 ಕೆಲ್ವಿನ್, ವಿಡಿಯೋದವರ ಲೈಟು 5,600ರ ಆಸುಪಾಸು. ಎರಡೂ ಒಂದೇ ಮುಖದ ಮೇಲೆ ಬಿದ್ದಿದ್ದವು. ಇಂಥಲ್ಲಿ ಹಲವರು ವರನ ಪಂಚೆಯನ್ನು ಅಳತೆಗೆ ಹಿಡಿಯುತ್ತಾರೆ. ಹೊಸ ಪಂಚೆಯ ಬಿಳುಪಿನಲ್ಲಿ ನೀಲಿಯ ಅಂಶ ಇರುವುದರಿಂದ ಅದನ್ನು ನಂಬಿದರೆ ಚಿತ್ರವೆಲ್ಲ ಹಳದಿಗೆ ವಾಲುತ್ತದೆ. ಫೋಟೋದ ಮೂಲೆಯಲ್ಲಿ ಟ್ರೈಪಾಡಿನ ಬೂದು ಕಾಲು ಸಿಕ್ಕಿತ್ತು, ಅದರಿಂದ ಅಳೆದೆ. ಆಮೇಲೆ ಪಂಚೆಯ ಉರಿಯುವ ಬಿಳುಪನ್ನು ಇಳಿಸಿದೆ. ಮುಖ, ಕುತ್ತಿಗೆ, ಕೈ ಮೂರನ್ನೂ ಒಂದೇ ಮಾಸ್ಕಿನೊಳಗೆ ತಂದು ಎಕ್ಸ್‌ಪೋಷರನ್ನು, ಅಂದರೆ ಬೆಳಕಿನ ಪ್ರಮಾಣವನ್ನು, ಅರ್ಧ ಸ್ಟಾಪಿಗಿಂತ ಸ್ವಲ್ಪ ಹೆಚ್ಚು ಏರಿಸಿದೆ (ಒಂದು ಸ್ಟಾಪ್ ಎಂದರೆ ಬೆಳಕು ಎರಡು ಪಟ್ಟು). ಕಿತ್ತಳೆ ಬಣ್ಣವನ್ನು ಮುಟ್ಟಲೇ ಇಲ್ಲ.

ಕೊನೆಯ ಕೆಲಸ ನನಗೆ ಅತ್ಯಂತ ಪ್ರಿಯವಾದದ್ದು. ಫಿಲ್ಮ್ ತೊಳೆಯುವ ಕತ್ತಲೆ ಕೋಣೆಯಲ್ಲಿ ಹಿರಿಯರು, ಫಿಲ್ಮಿನ ಚಿತ್ರವನ್ನು ಕಾಗದದ ಮೇಲೆ ದೊಡ್ಡದಾಗಿ ಬೀಳಿಸುವ ಎನ್‌ಲಾರ್ಜರಿನ ಬೆಳಕಿಗೆ ಅಂಗೈ ಅಡ್ಡ ಹಿಡಿದು ಮುದ್ರಣದ ಒಂದೊಂದು ಭಾಗವನ್ನು ತಿಳಿಯಾಗಿಸುತ್ತಿದ್ದರು, ಬೇರೆ ಭಾಗಕ್ಕೆ ಹೆಚ್ಚು ಬೆಳಕು ಕೊಟ್ಟು ಗಾಢವಾಗಿಸುತ್ತಿದ್ದರು. ಅದನ್ನೇ ಈಗ ಮೃದುವಾದ ಬ್ರಷ್‌ನಿಂದ, ಶೇಕಡಾ 5ರಷ್ಟು ಬಲದಲ್ಲಿ, ಪದರ ಪದರವಾಗಿ ಮಾಡುತ್ತೇನೆ. ಕಪ್ಪು ಚರ್ಮದ ಚೆಲುವೆಲ್ಲ ಅದು ಹಿಂತಿರುಗಿಸುವ ಬೆಳಕಿನಲ್ಲಿದೆ. ಕೆನ್ನೆಯ ಏರಿನಲ್ಲಿ, ಮೂಗಿನ ದಂಡೆಯ ಮೇಲೆ, ಹುಬ್ಬಿನ ಕೆಳಗೆ ದೀಪದ ಹೊಳಪು ನಿಂತಿರುತ್ತದೆ. ಅದನ್ನು ತುಸು ಎತ್ತಿ, ಪಕ್ಕದ ನೆರಳನ್ನು ಹಾಗೇ ಬಿಟ್ಟರೆ ಮುಖಕ್ಕೆ ಜೀವ ಬರುತ್ತದೆ. ಮೊಡವೆಯನ್ನು ಅಳಿಸುತ್ತೇನೆ, ಅದು ವಾರದಲ್ಲಿ ಹೋಗುವಂಥದ್ದು. ಮಚ್ಚೆಯನ್ನು ಮುಟ್ಟುವುದಿಲ್ಲ.

ಇದಕ್ಕೆ ದುಬಾರಿ ತಂತ್ರಾಂಶವೇ ಬೇಕೆಂದಿಲ್ಲ. ಡಾರ್ಕ್‌ಟೇಬಲ್, ಗಿಂಪ್ ಉಚಿತವಾಗಿ ಸಿಗುತ್ತವೆ. ಮೊಬೈಲಿನ ಸ್ನ್ಯಾಪ್‌ಸೀಡ್‌ನಲ್ಲೂ ಮುಖದ ಭಾಗವನ್ನಷ್ಟೇ ಆರಿಸಿ ಬೆಳಗಿಸಬಹುದು. ಮುಖವನ್ನು ತಾನಾಗಿಯೇ ನುಣುಪು ಮಾಡುವ ಮೊಬೈಲಿನ ಬ್ಯೂಟಿ ಮೋಡನ್ನು ಮಾತ್ರ ದಯವಿಟ್ಟು ಬಂದ್ ಮಾಡಿಬಿಡಿ.

ತಿದ್ದಿದ ಫೋಟೋವನ್ನು ತಂಗಿಗೆ ಕಳುಹಿಸಿದೆ. ರಾತ್ರಿ ಹನ್ನೊಂದಕ್ಕೆ ಕರೆ ಮಾಡಿ, "ಅಕ್ಕಾ, ಅರಿಶಿನ ಕಾಣುತ್ತಿದೆ" ಎಂದಳು. ಚಿಕ್ಕಮ್ಮನ ಮನೆಯ ಹಜಾರದಲ್ಲಿ ಈಗಲೂ ಆ ಬಿಳಿ ಮುಖದ ಫೋಟೋವೇ ಇದೆ. ದೀಪಾವಳಿಗೆ ಊರಿಗೆ ಹೋಗುವಾಗ ನಾನು ತಿದ್ದಿದ್ದನ್ನು ಅದೇ ಅಳತೆಯಲ್ಲಿ ಮುದ್ರಿಸಿ, ಚೌಕಟ್ಟು ಹಾಕಿಸಿಕೊಂಡು ಹೋಗುತ್ತೇನೆ.