ಗ್ಲಾಸಿನಲ್ಲಿ ಅನಾನಸ್ ಮೆಣಸ್ಕಾಯಿ

ಇಟಲಿಯ ಟೊರಿನೊಗೆ ಬಂದ ಹೊಸದರಲ್ಲಿ ಆಫೀಸಿನವರು ಒಂದು ಸಂಜೆ ಕರೆದುಕೊಂಡು ಹೋಗಿ ಕಾಂಪಾರಿ ಅನ್ನುವ ಕೆಂಪು ಬಣ್ಣದ ಕಹಿ ಮದ್ಯ ಕುಡಿಸಿದರು. ಮೊದಲ ಗುಟುಕಿಗೇ ನೆನಪಾಗಿದ್ದು ಪುತ್ತೂರಿನ ಮನೆ. ಜ್ವರ ಬಂದಾಗ ಅಜ್ಜಿ ಮೂಗು ಹಿಡಿದು ಬಾಯಿಗೆ ಸುರಿಯುತ್ತಿದ್ದ ಕಿರಾತಕಡ್ಡಿ ಕಷಾಯ. ದುಡ್ಡು ಕೊಟ್ಟು ಇದನ್ನು ಯಾಕೆ ಕುಡಿಯುತ್ತಾರೆ ಮಾರಾಯ್ರೆ ಅನ್ನಿಸಿತು.

ಆ ಹೋಲಿಕೆ ಸುಮ್ನೆ ಬಂದದ್ದಲ್ಲ ಅಂತ ಆಮೇಲೆ ಗೊತ್ತಾಯಿತು. ಯೂರೋಪಿನ ಎಷ್ಟೋ ಕಹಿ ಪಾನೀಯಗಳಿಗೆ ಜೆನ್ಷಿಯನ್ ಅನ್ನುವ ಬೇರು ಹಾಕುತ್ತಾರೆ. ಅದೂ, ಕಿರಾತಕಡ್ಡಿ ಅನ್ನುವ ಹೆಸರಿರುವ ಗಿಡಗಳಲ್ಲಿ ಒಂದಾದ ಚಿರಾಯತವೂ ಒಂದೇ ಕುಟುಂಬದವು. ಇಲ್ಲಿಂದ ಸ್ವಲ್ಪ ದೂರದ ಬರೋಲೊ ಕಡೆ ವೈನಿಗೆ ಸಿಂಕೋನಾ ತೊಗಟೆ ಹಾಕಿ ಕಿನಾಟೊ ಮಾಡುತ್ತಾರೆ. ಮಲೇರಿಯಾಕ್ಕೆ ಕ್ವಿನೈನ್ ತೆಗೆಯಲು ಬ್ರಿಟಿಷರು ಊಟಿ ಸುತ್ತ ಬೆಳೆಸಿದ್ದೂ ಇದೇ ಸಿಂಕೋನಾ. ಒಟ್ಟಿನಲ್ಲಿ ನಾವು ಮುಖ ಸಿಂಡರಿಸಿಕೊಂಡು ನುಂಗಿದ ಔಷಧಿಯನ್ನೇ ಇವರು ಐಸ್ ಹಾಕಿ, ಕಿತ್ತಳೆ ಹೋಳು ಸಿಕ್ಕಿಸಿ, ಸಂಜೆ ಆರು ಗಂಟೆಗೆ ಆಲೂ ಚಿಪ್ಸ್ ಜತೆ ಕುಡಿಯುತ್ತಾರೆ.

ಇದಕ್ಕೆ ಇವರ ಹೆಸರು ಅಪೆರಿಟಿವೊ. 'ತೆರೆ' ಅನ್ನುವ ಅರ್ಥದ ಲ್ಯಾಟಿನ್ ಪದದಿಂದ ಬಂದದ್ದು, ಅಂದರೆ ಹೊಟ್ಟೆಯ ಬಾಗಿಲು ತೆರೆಯುವುದು. ಕಾರ್ಪಾನೊ ಅನ್ನುವವರು 1786ರಲ್ಲಿ ವರ್ಮುತ್, ಅಂದರೆ ಗಿಡಮೂಲಿಕೆ ಹಾಕಿದ ವೈನ್, ಮಾರಲು ಶುರು ಮಾಡಿದ್ದು ಇದೇ ಊರಿನಲ್ಲಿ, ಹಾಗಾಗಿ ಇಲ್ಲಿಯವರಿಗೆ ಈ ವಿಷಯದಲ್ಲಿ ಸ್ವಲ್ಪ ಜಂಬ ಜಾಸ್ತಿ. ಒಂದು ಗ್ಲಾಸ್, ಒಂದು ತಾಸು. ಎಂಬತ್ತು ದಾಟಿದ ಅಜ್ಜ ಅಜ್ಜಿ ಚೌಕದಲ್ಲಿ ಕುರ್ಚಿ ಹಾಕಿಕೊಂಡು, ಎಲ್ಲರಿಗೂ ಕಾಣುವ ಹಾಗೆ ಕೂತು ಕುಡಿಯುತ್ತಾರೆ.

ನಮ್ಮ ಕಡೆ ಹೇಗೆ ಅಂತ ನಾನು ಹೇಳಬೇಕಾ? ಪೇಪರಿನಲ್ಲಿ ಸುತ್ತಿದ ಬಾಟಲಿ, ಕಪ್ಪು ಪ್ಲಾಸ್ಟಿಕ್ ಚೀಲ, ಯಾರಾದರೂ ನೋಡುವ ಮೊದಲು ಮುಗಿಸುವ ಅವಸರ, ಆಮೇಲೆ ರಾತ್ರಿ ಹನ್ನೊಂದಕ್ಕೆ ತಣ್ಣಗಾದ ಊಟ. ರಮ್ಮಿಗೆ ಮಾತ್ರ ಸ್ವಲ್ಪ ಮರ್ಯಾದೆ ಇತ್ತು. ಮಿಲಿಟರಿಯಲ್ಲಿದ್ದ ಮಾವ ಕ್ಯಾಂಟೀನಿನಿಂದ ತಂದ ಬಾಟಲಿ ಮಳೆಗಾಲದಲ್ಲಿ ಹೊರಗೆ ಬರುತ್ತಿತ್ತು, ಬಿಸಿನೀರಿಗೆ ಎರಡು ಚಮಚ, ಮೇಲೆ ಕಾಳುಮೆಣಸಿನ ಪುಡಿ, ಶೀತಕ್ಕೆ ಒಳ್ಳೇದು ಅಂತ. ಉಳಿದ ದಿನ ಕೋಲಾ. ಕಾಕಂಬಿಯಿಂದ ಮಾಡಿದ ರಮ್ಮಿನಲ್ಲಿ ಮೊದಲೇ ಸುಟ್ಟ ಬೆಲ್ಲದ ಘಮ ಇರುತ್ತದೆ, ಅದರ ಮೇಲೆ ಮತ್ತೆ ಸಕ್ಕರೆ ನೀರು ಸುರಿಯುವುದು ಹೋಳಿಗೆಗೆ ಜಾಮೂನು ನೆಂಚಿಕೊಂಡ ಹಾಗೆ.

ಹಾಗಂತ ಇಟಲಿಯವರಿಗೆ ರಮ್ ಗೊತ್ತಿದೆ ಅಂತಲೂ ನಾನು ಒಪ್ಪುವುದಿಲ್ಲ. ಊಟವಾದ ಮೇಲೆ ಕಪ್ಪು ಚಾಕೊಲೇಟಿನ ಜತೆ ಚೂರು ಕುಡಿಯುತ್ತಾರೆ. ಹುಡುಗರಾದರೆ ಒಂದು ಗುಟುಕು ರಮ್, ಹಿಂದೆಯೇ ಒಂದು ಗುಟುಕು ಪೇರ್ ಹಣ್ಣಿನ ರಸ. ಊಟದ ಮುಂಚೆ ರಮ್ ಎತ್ತಿಕೊಂಡರೆ, ಪಾಯಸದಿಂದ ಊಟ ಶುರು ಮಾಡಿದವನನ್ನು ನೋಡುವ ಹಾಗೆ ನೋಡುತ್ತಾರೆ. ಯಾವುದು ಮೊದಲು ಯಾವುದು ಕೊನೆ ಅನ್ನುವುದರಲ್ಲಿ ಇವರ ಮಡಿ ನಮ್ಮ ಅಜ್ಜಿಯದಕ್ಕಿಂತ ಒಂದು ಕೈ ಮೇಲೆ.

ನನಗೆ ಅನಿಸುವುದು ಇಷ್ಟು. ರಮ್ಮಿಗೆ ಬೇಕಾದ ಜೋಡಿ ಕಹಿ ಮತ್ತು ಹುಳಿ. ಇದನ್ನು ಕಲಿಯಲು ಬಾರಿಗೆ ಹೋಗಬೇಕಾಗಿಲ್ಲ, ದಕ್ಷಿಣ ಕನ್ನಡದ ಯಾವ ಅಡುಗೆಮನೆಗೆ ಹೋದರೂ ಸಾಕು. ಹಾಗಲಕಾಯಿ ಮೆಣಸ್ಕಾಯಿ ಅನ್ನುವ ಗೊಜ್ಜಿನಲ್ಲಿ ಏನಿದೆ? ಕಹಿ, ಹುಳಿ, ಬೆಲ್ಲ. ಅನಾನಸ್ ಮೆಣಸ್ಕಾಯಿಯಲ್ಲಿ ಹಣ್ಣು, ಹುಳಿ, ಬೆಲ್ಲ, ಖಾರ. ಇವೆರಡನ್ನೂ ಸೇರಿಸಿ ಗ್ಲಾಸಿಗೆ ಹಾಕಿದ ಹಾಗಿರುವ ಒಂದು ಕಾಕ್‌ಟೇಲ್ ನಿಜವಾಗಿಯೂ ಇದೆ, ಹೆಸರು ಜಂಗಲ್ ಬರ್ಡ್. ಹುಟ್ಟಿದ್ದು ಇಟಲಿಯಲ್ಲಲ್ಲ, ಕೆರಿಬಿಯನ್ನಿನಲ್ಲೂ ಅಲ್ಲ, 1970ರ ದಶಕದಲ್ಲಿ ಕ್ವಾಲಾಲಂಪುರದ ಹಿಲ್ಟನ್ ಹೋಟೆಲಿನಲ್ಲಿ. ಕಪ್ಪು ರಮ್, ಕಾಂಪಾರಿ, ಅನಾನಸ್ ರಸ, ನಿಂಬೆ, ಸಕ್ಕರೆ ಪಾಕ. ಮೆಣಸ್ಕಾಯಿ ತಿಂದು ಬೆಳೆದವನಿಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ, ಅಲ್ವಾ?

ನಾನು ಮಾಡುವುದು ಹೀಗೆ: 45 ಮಿಲಿ ಓಲ್ಡ್ ಮಾಂಕ್, 20 ಮಿಲಿ ಕಾಂಪಾರಿ, 45 ಮಿಲಿ ಅನಾನಸ್ ರಸ, 15 ಮಿಲಿ ನಿಂಬೆರಸ. ಸಕ್ಕರೆ ಬದಲು ಒಂದೂವರೆ ಚಮಚ ಬೆಲ್ಲದ ಪಾಕ. ಓಲ್ಡ್ ಮಾಂಕ್‌ನಲ್ಲಿ ವೆನಿಲ್ಲಾದ ವಾಸನೆ ಜೋರು, ಅದಕ್ಕೇ ಪಾಕ ಕಡಿಮೆ. ಊರಿಂದ ಬರುವವರ ಹತ್ತಿರ ಹೇಳಿ ತರಿಸುತ್ತೇನೆ, ಒಬ್ಬರಿಗೆ ಒಂದು ಲೀಟರ್ ಮಾತ್ರ ತರಲು ಬಿಡುತ್ತಾರೆ, ಹಾಗಾಗಿ ನೆಂಟರು ಜಾಸ್ತಿ ಬಂದಷ್ಟೂ ಸಂತೋಷ. ಅದು ಮುಗಿದಾಗ ನಮ್ಮ ಬೆಂಗಳೂರಿನ ಅಮೃತ್‌ನವರ ಟೂ ಇಂಡೀಸ್. ಅದರಲ್ಲಿ ಕೆರಿಬಿಯನ್ ರಮ್ಮಿನ ಜತೆ ನಮ್ಮ ಬೆಲ್ಲದ ರಮ್ ಸೇರಿಸಿರುತ್ತಾರೆ. ಅನಾನಸ್ ರಸ ಡಬ್ಬಿಯದ್ದು ಬೇಡ, ಹಣ್ಣು ತಂದು ಮಿಕ್ಸಿಗೆ ಹಾಕಿ ಸೋಸಿ. ಇಲ್ಲಿಯ ದಪ್ಪ ಸಿಸಿಲಿ ನಿಂಬೆಗೆ ನಮ್ಮ ಗಿಡ್ಡ ನಿಂಬೆಯ ಚುರುಕಿಲ್ಲ, ಎರಡು ಹನಿ ಜಾಸ್ತಿ ಹಿಂಡಬೇಕು.

ಎಲ್ಲ ಪ್ರಯೋಗವೂ ಗೆಲ್ಲಲಿಲ್ಲ. ಚಿನಾರ್ ಅಂತ ಒಂದು ಸಿಗುತ್ತದೆ, ಪಲ್ಲೆಹೂವು ಅಂದರೆ ಆರ್ಟಿಚೋಕ್‌ನಿಂದ ಮಾಡಿದ್ದು, ಲೇಬಲ್ಲಿನ ಮೇಲೂ ಅದರದ್ದೇ ಚಿತ್ರ. ಅದಕ್ಕೆ ರಮ್, ಪುನರ್ಪುಳಿ ಅಂದರೆ ಕೋಕಂ ಹಣ್ಣಿನ ಸಿಪ್ಪೆ ನೆನೆಸಿದ ಕೆಂಪು ನೀರು ಸೇರಿಸಿದೆ. ಮಣ್ಣಿನ ವಾಸನೆಯ ಹುಳಿ ಸಾರಿನ ಹಾಗಾಯಿತು, ಆದರೂ ಎರಡನೇ ಗ್ಲಾಸ್ ಹಾಕಿಕೊಂಡೆ. ಪುಂಟ್ ಎ ಮೆಸ್ ಅನ್ನುವ ವರ್ಮುತ್ ಇದೆ, ಈ ಊರಿನ ಆಡುಮಾತಿನಲ್ಲಿ ಆ ಹೆಸರಿಗೆ 'ಒಂದೂವರೆ' ಅಂತ ಅರ್ಥ, ಒಂದು ಪಾಲು ಸಿಹಿ, ಅರ್ಧ ಪಾಲು ಕಹಿ. ರಮ್ಮಿಗೆ ಸಮಸಮ ಹಾಕಿ ಐಸಿನಲ್ಲಿ ಕಲಕಿ, ಇಷ್ಟು ಸಲೀಸಾದದ್ದು ಇನ್ನೊಂದಿಲ್ಲ. ದೊಡ್ಡ ಸೋಲು ಅಂದರೆ ಕಿರಾತಕಡ್ಡಿಯದ್ದು. ಕಾಕ್‌ಟೇಲಿಗೆ ಹನಿ ಲೆಕ್ಕದಲ್ಲಿ ಹಾಕುವ ಕಹಿ ಸಾರ, ಬಿಟರ್ಸ್, ನಾನೇ ಮಾಡುತ್ತೇನೆ ಅಂತ ಹೊರಟು ಒಂದು ಹಿಡಿ ಕಡ್ಡಿಯನ್ನು ಕಾಲು ಬಾಟಲಿ ರಮ್ಮಿನಲ್ಲಿ ಮೂರು ದಿನ ನೆನೆಹಾಕಿದೆ. ಹತ್ತು ಹನಿಗೇ ಇಡೀ ಗ್ಲಾಸು ಹಾಳು. ಸಿಂಕಿಗೆ ಸುರಿದೆ. ಊರಿಂದ ಸಾವಿರಾರು ಮೈಲಿ ಹಾರಿ ಬಂದ ರಮ್ಮು!

ಆ ವಾರವೇ ಅಮ್ಮನಿಗೆ ವಿಡಿಯೋ ಕಾಲ್ ಮಾಡಿ ಹಾಗಲಕಾಯಿ ಮೆಣಸ್ಕಾಯಿ ಮಾಡುವ ಕ್ರಮ ಕೇಳಿದೆ, ನಿಜವಾಗಿಯೂ ಊಟಕ್ಕೇ. "ಉಪ್ಪು ಸರಿಯಾಗಿ ಹಾಕು ಮಗಾ, ಉಪ್ಪು ಕಮ್ಮಿಯಾದ್ರೆ ಕಹಿ ಎದ್ದು ಹೊಡೀತದೆ" ಅಂದರು. ಈಗ ಕಾಂಪಾರಿ ಹಾಕಿದ ಯಾವ ಗ್ಲಾಸಿಗೂ ನಾಲ್ಕು ಹರಳು ಉಪ್ಪು ಬೀಳುತ್ತದೆ. ಕಹಿ ಹೋಗುವುದಿಲ್ಲ, ಗಂಟಲಿಗೆ ಇರಿಯುವುದು ನಿಲ್ಲುತ್ತದೆ. ಅವತ್ತು ಫೋನ್ ಇಡುವ ಮೊದಲು ಅಮ್ಮ ಕಣ್ಣು ಕಿರಿದು ಮಾಡಿ, "ಹಿಂದೆ ಅದೆಂತದು ಕೆಂಪು ಬಾಟ್ಲಿ, ಪುನರ್ಪುಳಿಯಾ?" ಅಂತ ಕೇಳಿದರು. ಹೌದಮ್ಮ ಅಂದೆ. "ಪಿತ್ತಕ್ಕೆ ಒಳ್ಳೇದು, ದಿನಾ ಒಂದು ಗ್ಲಾಸ್ ಕುಡಿ" ಅಂದರು.