ಅಕ್ಷರ ಕೊಡದವರೇ ಅಕ್ಷರ ಕೇಳಿದರು

ವರ್ಣಭೇದ ಹೋಗಬೇಕಾದರೆ ಶಿಕ್ಷಣ ಬೇಕು ಅಂತ ಎಲ್ಲರೂ ಹೇಳುತ್ತಾರೆ. ಎಂಥ ಶಿಕ್ಷಣ ಅಂತ ಕೇಳಿದರೆ, ‘ಎಲ್ಲರೂ ಒಂದೇ ಅಂತ ಮಕ್ಕಳಿಗೆ ಕಲಿಸಬೇಕು’ ಅನ್ನುವಲ್ಲಿಗೆ ಮಾತು ನಿಂತುಬಿಡುತ್ತದೆ. ನನಗೆ ಅಷ್ಟು ಸಾಲದು. ಅಮೆರಿಕದ ಸೌತ್ ಕೆರೊಲಿನಾ ರಾಜ್ಯದ ಕಥೆ ನೋಡಿ.

ಗುಲಾಮರಿಗೆ ಬರೆಯಲು ಕಲಿಸಬಾರದು ಅಂತ ಅಲ್ಲಿ 1740ರಲ್ಲೇ ಕಾನೂನು ಬಂತು. 1834ರಲ್ಲಿ ಓದು ಕಲಿಸುವುದೂ ಅಪರಾಧವಾಯಿತು. 1865ರಲ್ಲಿ ಗುಲಾಮಗಿರಿ ರದ್ದಾಯಿತು. ಆಮೇಲೆ 1895ರಲ್ಲಿ ಅದೇ ರಾಜ್ಯ ಹೊಸ ಸಂವಿಧಾನ ಮಾಡಿಕೊಂಡು, ಮತದಾರರಾಗಲು ಓದು ಬರಹ ಬರಬೇಕು, ಇಲ್ಲವೇ 300 ಡಾಲರ್ ಆಸ್ತಿ ಇರಬೇಕು ಅಂದಿತು. ಅಕ್ಷರ ಮುಟ್ಟಬೇಡ ಅಂದವರೇ ಅಕ್ಷರ ಬರಲ್ಲ ಅಂತ ಮತ ಕಿತ್ತುಕೊಂಡರು! ಇದೇನು ತಿಳಿಯದೆ ಮಾಡಿದ್ದಲ್ಲ ಅಲ್ವಾ? ಸಂಕೋಲೆ ಕಳಚಿದರಷ್ಟೇ ಬಿಡುಗಡೆ ಪೂರ್ತಿಯಾಗುವುದಿಲ್ಲ, ಭೂಮಿ, ಶಾಲೆ, ಮತ ಮೂರೂ ಸಿಗಬೇಕು ಅಂತ ಕಪ್ಪು ಇತಿಹಾಸಕಾರ ಡಬ್ಲ್ಯು.ಇ.ಬಿ. ಡು ಬೋಯಿಸ್ 1935ರಲ್ಲಿ ವಾದಿಸಿದ್ದು ಇಂಥದ್ದನ್ನೆಲ್ಲ ಕಂಡೇ.

ಸೆಪ್ಟಿಮಾ ಕ್ಲಾರ್ಕ್ ಅದೇ ರಾಜ್ಯದ ಟೀಚರ್. ಕಪ್ಪು ಜನರ ಹಕ್ಕುಗಳ ಸಂಘಟನೆಯಾದ ಎನ್‌ಎಎಸಿಪಿ ಬಿಡಲು ಒಪ್ಪಲಿಲ್ಲ ಅಂತ 1956ರಲ್ಲಿ ಅವರ ಕೆಲಸ ಹೋಯಿತು. ಸುಮಾರು 40 ವರ್ಷ ಪಾಠ ಮಾಡಿದವರು! ಮರುವರ್ಷವೇ ಅದೇ ರಾಜ್ಯದ ಜಾನ್ಸ್ ದ್ವೀಪದಲ್ಲಿ ಅವರ ನೆರವಿನಿಂದ ದೊಡ್ಡವರಿಗಾಗಿ ಒಂದು ರಾತ್ರಿ ಶಾಲೆ ಶುರುವಾಯಿತು. ಅದಕ್ಕೆ ದಾರಿ ಮಾಡಿದವರು ಈಸಾ ಜೆಂಕಿನ್ಸ್. ಕೂಲಿಯವರನ್ನು ಪಟ್ಟಣಕ್ಕೆ ಕರೆದೊಯ್ಯುತ್ತಿದ್ದ ತಮ್ಮ ಬಸ್ಸಿನಲ್ಲೇ ಅವರು ಸಂವಿಧಾನದ ಪಾಠ ಹೇಳುತ್ತಿದ್ದರು. ಬಿಳಿಯರ ಕಣ್ಣಿಗೆ ಬೀಳದಿರಲಿ ಅಂತ ಮುಂದೆ ದಿನಸಿ ಅಂಗಡಿ, ಹಿಂದಿನ ಕೋಣೆಯಲ್ಲಿ ಕ್ಲಾಸು.

ಪಾಠ ಮಾಡಲು ಕರೆದದ್ದು ಟೀಚರನ್ನಲ್ಲ, ಬ್ಯೂಟಿ ಪಾರ್ಲರ್ ನಡೆಸುತ್ತಿದ್ದ ಬರ್ನೀಸ್ ರಾಬಿನ್ಸನ್ ಅವರನ್ನು. ಈ ಆಯ್ಕೆ ನನಗೆ ಬಹಳ ಇಷ್ಟ. ಗದರದೆ, ಕೀಳಾಗಿ ನೋಡದೆ ಕಲಿಸುವವರು ಬೇಕಿತ್ತು. ಅವರ ಗಿರಾಕಿಗಳು ಕಪ್ಪು ಹೆಂಗಸರು, ಹಾಗಾಗಿ ಬಿಳಿಯ ಧಣಿ ಕೆಲಸದಿಂದ ತೆಗೆಯುವ ಭಯವೂ ಇರಲಿಲ್ಲ. ನಿಮಗೆ ಏನು ಕಲಿಯಬೇಕು ಅಂತ ಬಂದವರನ್ನೇ ಕೇಳಿದರು. ಹೆಸರು ಬರೆಯುವುದು, ಮನಿ ಆರ್ಡರ್ ಫಾರಂ ತುಂಬುವುದು, ಆಮೇಲೆ ಮತ ತಡೆಯುತ್ತಿದ್ದ ಆ ಸಂವಿಧಾನದ್ದೇ ಸಾಲುಗಳು. ಕಲಿತವರು ಹೋಗಿ ಮತದಾರರ ಪಟ್ಟಿಗೆ ಹೆಸರು ಸೇರಿಸಿದರು. ಇಂಥ ಶಾಲೆಗಳು ದಕ್ಷಿಣದ ರಾಜ್ಯಗಳಲ್ಲೆಲ್ಲ ಹಬ್ಬಿದವು. ಅಲ್ಲಿ ಓದಿನ ಪರೀಕ್ಷೆಗೆ ತಡೆ ಬಿದ್ದದ್ದು 1965ರ ಮತದಾನ ಹಕ್ಕು ಕಾಯ್ದೆಯಿಂದ.

ಮಕ್ಕಳಿಗೆ ಮಾರ್ಟಿನ್ ಲೂಥರ್ ಕಿಂಗ್ ಅವರ ಕನಸಿನ ಭಾಷಣ ಹೇಳಿಕೊಡುತ್ತೇವೆ. ಹೇಳಿಕೊಡಲೇಬೇಕು. ಜೊತೆಗೆ 1834ರ ಕಾನೂನು, 1895ರ ಸಂವಿಧಾನ ಎರಡನ್ನೂ ಅಕ್ಕಪಕ್ಕ ಇಟ್ಟು ಓದಿಸಿ. ಇದರಿಂದ ಯಾರಿಗೆ ಲಾಭವಾಯಿತು ಅಂತ ಮಕ್ಕಳನ್ನೇ ಕೇಳಿ.